ಎಣ್ಣೆಗೂ ಮೂರು ಹನಿ ನೀರು

ನೀಲಮ್ಮನವರ ಫೋನು ಬಂದಾಗ ನಾನು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಈಗ ನನ್ನ ಅಂಗಡಿಯಲ್ಲಿ ನಡೆಯುವ ಮುಖ್ಯ ಕೆಲಸ ಅದೇ. "ಮಷಿನ್ ಮ್ಯಾಲಿನ ಅಕ್ಷರ ಮಾಸ್ಯಾವ್ರಿ ಪೇಂಟರ್ರ, ಅಗಿ ಹಚ್ಚೂದರೊಳಗ ಬಂದು ತಿದ್ದಿ ಹೋಗ್ರಿ," ಎಂದರು. ಅಗಿ ಹಚ್ಚುವುದೆಂದರೆ ಭತ್ತದ ಸಸಿ ನೆಡುವುದು. ಬ್ರಷ್ಷಿನ ಡಬ್ಬಿ ಹಿಡಿದುಕೊಂಡು ಕಲಘಟಗಿ ಬಸ್ ಸ್ಟ್ಯಾಂಡಿನಲ್ಲಿ ಟೆಂಪೊ ಹತ್ತಿದೆ. ಅವರ ಊರು ಎಂಟು ಕಿಲೋಮೀಟರ್ ಒಳಗೆ. ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಅವರ ಜಪಾನಿ ನಾಟಿ ಯಂತ್ರದ ಪಕ್ಕ ಕೂತು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆ ನನಗೇನೂ ಹೊಸದಲ್ಲ. ಮೂವತ್ತು ವರ್ಷ ನನ್ನ ಅಂಗಿ, ಊಟ, ಹಾಸಿಗೆ ಎಲ್ಲಕ್ಕೂ ಅದೇ ವಾಸನೆ ಇತ್ತು. ಆದರೂ ಆ ಶೆಡ್ಡಿನಲ್ಲಿ ಅದು ಮೂಗಿಗೆ ಬಡಿದಾಗ ಮಾತ್ರ ನಾಲ್ಕು ವರ್ಷದ ಹಿಂದಿನ ಮುಂಗಾರು ನೆನಪಾಗುತ್ತದೆ. ಐವತ್ಮೂರನೆಯ ವಯಸ್ಸಿನಲ್ಲಿ ನಾನು ಜಪಾನಿ ಅಕ್ಷರ ಓದಲು ಕಲಿತ ಮಳೆಗಾಲ ಅದು.

ನಾನು ಬೋರ್ಡು ಬರೆಯುವವನು. ಫ್ಲೆಕ್ಸ್ ಬರುವ ಮೊದಲು ಕುಂದಗೋಳದ ಬಟ್ಟೆ ಅಂಗಡಿಗಳು, ಅಳ್ನಾವರ ಸ್ಟೇಷನ್ ಎದುರಿನ ಚಹಾದಂಗಡಿ, ಯರಗುಪ್ಪಿಯ ಟ್ರ್ಯಾಕ್ಟರ್ ಟ್ರೇಲರುಗಳು, ಎಲ್ಲದರ ಮೇಲೂ ನನ್ನ ಕೈ ಇತ್ತು. ಕನ್ನಡ, ಮರಾಠಿ, ಇಂಗ್ಲಿಷ್ ಸರಿಯೇ, ಉರ್ದು ಬೋರ್ಡನ್ನೂ ಬರೆದಿದ್ದೇನೆ. ಉರ್ದು ನನಗೆ ಬರುವುದಿಲ್ಲ. ಟೇಲರ್ ಒಬ್ಬರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ದೊಡ್ಡದು ಮಾಡಿ ಬರೆದೆ. ಓದಿದವರೆಲ್ಲ ಭೇಷ್ ಅಂದರು. ಬರೆಯುವವನಿಗೆ ಓದಲು ಬರಲೇಬೇಕೆಂದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ನಾಲ್ಕು ಜನರೆದುರು ಜಂಬದಿಂದ ಹೇಳಿಕೊಳ್ಳುತ್ತಲೂ ಇದ್ದೆ.

ಆ ವರ್ಷ ಮೇ ತಿಂಗಳ ಕೊನೆಗೆ ನೀಲಮ್ಮ ಜಪಾನಿನಲ್ಲಿ ಬಳಸಿ ಬಿಟ್ಟ ಭತ್ತದ ನಾಟಿ ಯಂತ್ರವೊಂದನ್ನು ತರಿಸಿದರು. ಗಂಡ ತೀರಿಕೊಂಡ ಮೇಲೆ ಕೆರೆಯ ಕೆಳಗಿನ ಗದ್ದೆಗಳನ್ನೆಲ್ಲ ತಾವೇ ನೋಡಿಕೊಂಡು ಬಂದ ಹೆಣ್ಣುಮಗಳು, ಮಾತು ಖಡಕ್ಕು. ನಮ್ಮ ಕಡೆ ಯಂತ್ರ ಹೊಸದಿರಲಿ, ಹಳೆಯದಿರಲಿ, ಮನೆಗೆ ಬಂದ ಮೇಲೆ ಬಣ್ಣ ಹಚ್ಚಿಸಿ, ದೇವರ ಹೆಸರು ಬರೆಸದೆ ಹೊಲಕ್ಕೆ ಇಳಿಸುವುದಿಲ್ಲ. ನನ್ನನ್ನು ಕರೆಸಿದರು. ಬಹಳ ದಿನಗಳ ಮೇಲೆ ಬಂದ ಕೆಲಸ, ಮನಸ್ಸಿಟ್ಟು ಮಾಡಿದೆ. ಸ್ಟಿಕ್ಕರ್ ಮೇಲೆ ಬಣ್ಣ ಹಚ್ಚಿದರೆ ಒಂದೇ ಮಳೆಗೆ ಸಿಪ್ಪೆ ಏಳುತ್ತದೆ. ಹಾಗಾಗಿ ಲಿವರುಗಳ ಪಕ್ಕದಲ್ಲೆಲ್ಲ ಅಂಟಿಸಿದ್ದ ಚಿಕ್ಕ ಚಿಕ್ಕ ಪಟ್ಟಿಗಳನ್ನು ಟರ್ಪೆಂಟೈನಿನಲ್ಲಿ ನೆನೆಸಿ, ಬ್ಲೇಡಿನಿಂದ ಕೆರೆದು ತೆಗೆದೆ. ಆಮೇಲೆ ಎರಡು ಕೋಟು ನೀಲಿ, ಮುಂಭಾಗದಲ್ಲಿ ಹಳದಿಯಿಂದ 'ಶ್ರೀ ಬಸವೇಶ್ವರ ಪ್ರಸನ್ನ', ಎರಡೂ ಬದಿಗೆ ಕಮಲ. ಮೂರನೆಯ ದಿನ ನೋಡಿದರೆ ಯಂತ್ರ ಕಲಘಟಗಿಯಲ್ಲೇ ಹುಟ್ಟಿದ ಹಾಗಿತ್ತು.

ಅದನ್ನು ನಡೆಸಬೇಕಾದ ಫಕ್ಕೀರಪ್ಪ ಬಂದು ಸುತ್ತಲೂ ಒಂದು ಸುತ್ತು ಹಾಕಿದ. ಮತ್ತೊಂದು ಸುತ್ತು ಹಾಕಿದ.

"ಕಾಕಾ, ಅಕ್ಷರ ಎಲ್ಲಿ ಹೋದೂರಿ?"

"ಮುಂದ ಬರದೇನಲ್ಲೋ ಇಷ್ಟ ದೊಡ್ಡದು. ಕಣ್ಣ ಕಾಣಂಗಿಲ್ಲೇನು?"

"ಅದಲ್ರಿ. ಲಿವರ್ ಬಾಜೂಕ ಇದ್ದವಲ್ರೀ, ಅವು."

ಫಕ್ಕೀರಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ಅಪ್ಪ, ಅಜ್ಜ ಊರ ಕೆರೆಯ ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚಿದವರು. ಆ ಕೆಲಸ ಈಗಲೂ ಅವನದೇ. ಯಂತ್ರ ತಂದುಕೊಟ್ಟ ತಮಿಳುನಾಡಿನ ಮೆಕ್ಯಾನಿಕ್ ಹರಕು ಹಿಂದಿಯಲ್ಲಿ ಒಂದು ದಿನ ಕಲಿಸಿ ಹೋಗಿದ್ದ. ಯಾವ ಲಿವರ್ ಏನು ಮಾಡುತ್ತದೆ ಎಂಬುದನ್ನು ಫಕ್ಕೀರಪ್ಪ ಪಕ್ಕದ ಅಕ್ಷರದ ಆಕಾರ ನೋಡಿ ನೆನಪಿಟ್ಟುಕೊಂಡಿದ್ದ. ಒಡ್ಡು ಹಾಕಿದ ಗದ್ದೆಯಂಥದ್ದು ಇಲ್ಲಿ, ಹನಿ ಸಿಡಿದಂಥದ್ದು ಅಲ್ಲಿ, ಹೀಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಟಿನ ಕೆಳಗಿನ ಒಂದು ಗಿಡ್ಡ ಲಿವರ್. ಈ ಯಂತ್ರ ಸಸಿ ನೆಡುವುದು ತನ್ನ ಹಿಂಭಾಗದಿಂದ. ಅಲ್ಲಿನ ಕಬ್ಬಿಣದ ಉಗುರುಗಳಿಗೆ ಕಸ ಸಿಕ್ಕಿದರೆ ಹಿಂಭಾಗವನ್ನು ಎಣ್ಣೆಯ ಒತ್ತಡದಿಂದ ಮೇಲೆತ್ತಿ, ಕೆಳಗೆ ಕೈ ಹಾಕಿ ಬಿಡಿಸಬೇಕು. ಕೈ ಹಾಕುವ ಮೊದಲು ಆ ಗಿಡ್ಡ ಲಿವರನ್ನು ಒಂದು ಕಡೆಗೆ ತಿರುಗಿಸಿರಬೇಕು. ಇಲ್ಲದಿದ್ದರೆ ಅಷ್ಟೂ ಭಾರ ಕೈಮೇಲೆ ಇಳಿಯುತ್ತದೆ. ಇದನ್ನು ಹೇಳುವಾಗ ಮೆಕ್ಯಾನಿಕ್ ತನ್ನ ಬಲಗೈಯ ಎರಡು ಬೆರಳು ಮಡಚಿ, ಇಲ್ಲದಂತೆ ಮಾಡಿ ತೋರಿಸಿದ್ದನಂತೆ. ಯಾವ ಕಡೆಗೆ ತಿರುಗಿಸಬೇಕು? ಎರಡೂ ಕಡೆಯ ಅಕ್ಷರ ಬಾಗಿಲಿನಂತೆ ಒಂದೇ ಥರ ಇದ್ದವು. ಸರಿಯಾದ ಕಡೆಯ ಪಟ್ಟಿಯ ಮೂಲೆ ಹರಿದಿತ್ತು. ಅದೊಂದೇ ಫಕ್ಕೀರಪ್ಪನ ಗುರುತು; ಎಡವೋ ಬಲವೋ ಎಂದು ಅವನು ನೆನಪಿಟ್ಟುಕೊಂಡಿರಲಿಲ್ಲ. ಆ ಹರಿದ ಮೂಲೆಯನ್ನೂ ನಾನು ಕೆರೆದು ತೆಗೆದಿದ್ದೆ.

ನೀಲಮ್ಮ ಬಂದರು. ಕೂಗಾಡಲಿಲ್ಲ. "ಬಣ್ಣಾ ಹಚ್ಚರಿ ಅಂದಿದ್ದೆ. ಕೆರೀರಿ ಅಂತ ಯಾರ ಅಂದಿದ್ರು?" ಎಂದು ಕೇಳಿದರು. ಮೆಕ್ಯಾನಿಕ್ಕನ ನಂಬರು ಯಾರೂ ತೆಗೆದುಕೊಂಡಿರಲಿಲ್ಲ, ಯಂತ್ರ ಮಾರಿದವನಿಗೆ ಫೋನು ಹೋಯಿತು. ಅವನು ಒಂದು ವಿಡಿಯೊ ಕಳಿಸಿದ. ಅದರಲ್ಲಿದ್ದದ್ದು ಬೇರೆ ಮಾದರಿಯ ಯಂತ್ರ, ಅದಕ್ಕೆ ಆ ಗಿಡ್ಡ ಲಿವರೇ ಇರಲಿಲ್ಲ. ತಪ್ಪು ಲಿವರ್ ಎಳೆದರೆ ಉಗುರುಗಳು ಮುರಿದಾವು, ಬಿಡಿಭಾಗ ಇಲ್ಲಿ ಸಿಗುವುದಿಲ್ಲ ಎಂದು ಹೇಳಿ ಫೋನಿಟ್ಟ. ನೀಲಮ್ಮ ಯಂತ್ರದ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ಅಳಿಸಿದವರು ನೀವು, ಬರದ ಕೊಡವರೂ ನೀವ. ಅಲ್ಲೀತನಾ ಇದನ್ನ ಯಾರೂ ಮುಟ್ಟಬ್ಯಾಡ್ರಿ. ಪುನರ್ವಸು ಮಳಿಗೆ ಅಗಿ ಹಚ್ಚಬೇಕು, ನೆನಪಿರ್ಲಿ."

ಉಳಿದದ್ದು ಒಂದು ಫೋಟೊ, ಒಂದಿಷ್ಟು ಸಿಪ್ಪೆ. ಯಂತ್ರವನ್ನು ಲಾರಿಯಿಂದ ಇಳಿಸಿದ ದಿನ ನೀಲಮ್ಮ ಆರತಿ ಬೆಳಗುವಾಗ ಯಾರೋ ತೆಗೆದ ಫೋಟೊ ಅದು. ಅದರಲ್ಲಿ ಯಂತ್ರಕ್ಕಿಂತ ಹೂವಿನ ಹಾರ, ಅದಕ್ಕಿಂತ ನೆಂಟರಿಷ್ಟರು ಹೆಚ್ಚು ಕಾಣುತ್ತಿದ್ದರು. ಅವರ ಹೆಗಲು, ಮೊಣಕೈಗಳ ಸಂದಿಯಲ್ಲಿ ಅಕ್ಷರಗಳು ಇರುವೆ ಕೂತ ಹಾಗೆ ಮಸುಕಾಗಿ ಕಾಣುತ್ತಿದ್ದವು. ಫೋನಿಗೆ ತೋರಿಸಿದರೆ ಅದೇ ಅನುವಾದ ಮಾಡುತ್ತದೆ ಎಂದರು, ತೋರಿಸಿದೆ. ಅದು ನೀಲಮ್ಮನ ಸೀರೆ ಅಂಚಿನ ಚುಕ್ಕಿಗಳನ್ನೂ ಅಕ್ಷರವೆಂದು ತಿಳಿದು ಏನೇನೋ ಹೇಳಿತು. ಇನ್ನು ಕೆರೆದ ಸಿಪ್ಪೆ ತಿಪ್ಪೆ ಸೇರಿತ್ತು. ನಾನೂ ಫಕ್ಕೀರಪ್ಪನೂ ಕೆದಕಿ ಐದಾರು ತುಂಡು ಹುಡುಕಿದೆವು. ಒಂದರಲ್ಲೂ ಇಡೀ ಅಕ್ಷರ ಇರಲಿಲ್ಲ.

ಮಾಸಿದ ಕನ್ನಡ ಬೋರ್ಡನ್ನು ನಾನು ರಸ್ತೆಯ ಆಚೆ ದಡದಿಂದ ಓದುತ್ತೇನೆ. ಅಲ್ಲಿ ಏನಿರಬಹುದೆಂದು ಮೊದಲೇ ಗೊತ್ತಿರುವುದರಿಂದ ಅರ್ಧ ಅಕ್ಷರ ಸಾಕಾಗುತ್ತದೆ. ಮಾಸಿದ ಜಪಾನಿಗೂ ಅದೇ ದಾರಿ ಎಂದು ನನಗೆ ಹೊಳೆಯಿತು. ನಕಲು ಮಾಡುವ ಕೈ ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಓದಲು ಕಲಿಯಬೇಕಿತ್ತು.

ಪುಸ್ತಕವೊಂದನ್ನು ಅಂಚೆಯಲ್ಲಿ ತರಿಸಿದೆ. ಅರ್ಥಗಳು ಇಂಗ್ಲಿಷಿನಲ್ಲಿದ್ದವು, ತಡವರಿಸಿಕೊಂಡು ಓದುವಷ್ಟು ಇಂಗ್ಲಿಷ್ ನನಗಿದೆ. ಜಪಾನಿಯರ ಈ ಅಕ್ಷರಗಳಿಗೆ ಕಾಂಜಿ ಎನ್ನುತ್ತಾರೆ, ಒಂದೊಂದಕ್ಕೂ ಒಂದೊಂದು ಅರ್ಥ, ಇಂಥವು ಸಾವಿರಗಟ್ಟಲೆ ಇವೆ ಎಂದು ಮೊದಲ ಪುಟದಲ್ಲೇ ಇತ್ತು. ಪುಸ್ತಕ ಮುಚ್ಚಿಟ್ಟು ಚಹಾ ಕುಡಿದು ಬಂದೆ. ಒಂದು ಎಂದರೆ ಒಂದು ಗೆರೆ, ಎರಡೆಂದರೆ ಎರಡು, ಮೂರೆಂದರೆ ಮೂರು. ಇಷ್ಟೇ ಆದರೆ ಪರವಾಗಿಲ್ಲ ಎನ್ನುವಷ್ಟರಲ್ಲಿ ನಾಲ್ಕು ಬಂತು. ಅದರಲ್ಲಿ ನಾಲ್ಕು ಗೆರೆ ಇರಲಿಲ್ಲ. ಬೆಳಿಗ್ಗೆ ಕಲಿತ ಹತ್ತರಲ್ಲಿ ಮಧ್ಯಾಹ್ನದ ಊಟಕ್ಕೆ ಆರು ಮರೆತು ಹೋಗುತ್ತಿದ್ದವು. ಮೂವತ್ತು ವರ್ಷ ಥಿನ್ನರ್ ವಾಸನೆ ಕುಡಿದ ತಲೆ, ಅದನ್ನೂ ಬಯ್ಯುವಂತಿರಲಿಲ್ಲ.

ಇನ್ನೊಂದು ಕಷ್ಟ ನನ್ನ ಕೈಯದು. ನಾನು ಮೊದಲು ಅಕ್ಷರದ ಹೊರಗೆರೆ ಎಳೆದು ಆಮೇಲೆ ಒಳಗೆ ಬಣ್ಣ ತುಂಬುವವನು. ಪುಸ್ತಕ ಅದನ್ನು ಒಪ್ಪುತ್ತಿರಲಿಲ್ಲ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಅಲ್ಲಿ ಕಟ್ಟುನಿಟ್ಟು. ಗದ್ದೆ ಎಂಬ ಅಕ್ಷರ 田 ಹೀಗಿದೆ: ನಾಲ್ಕು ಮಡಿ ಮಾಡಿದ ಹೊಲದ ಹಾಗೆ. ಚೌಕ ಮುಗಿಸಿ ಒಳಗೆ ಗೆರೆ ಹಾಕಿದರೆ ತಪ್ಪು; ಒಳಗಿನದೆಲ್ಲ ಆದ ಮೇಲೆ ಕೆಳಗಿನ ಗೆರೆ ಎಳೆದು ಮುಚ್ಚಬೇಕು. ಸಂತೆಗೆ ಬಂದ ಫಕ್ಕೀರಪ್ಪ ಇದನ್ನು ನೋಡಿ, "ಖರೇನ ಐತ್ರಿ. ಒಡ್ಡಿನ ಬಾಯಿ ಕಡೀಕ ಕಟ್ಟತೇವಿ," ಎಂದ.

ವಾರಕ್ಕೊಮ್ಮೆ ಸಂತೆಯ ದಿನ ಅವನು ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಆ ವಾರ ಕಲಿತದ್ದನ್ನು ನಾನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. "ಇದು ಇತ್ರಿ, ಎಡಕಿನ ಲಿವರಿಗೆ." "ಇದು ಇರಲಿಲ್ರಿ." "ಇದು ಹೌದ್ರಿ, ಆದ್ರ ತಲಿಮ್ಯಾಲ ಹುಲ್ಲ ಇತ್ತು." ಗದ್ದೆಯ ತಲೆಯ ಮೇಲೆ ಹುಲ್ಲಿಟ್ಟರೆ ಸಸಿ ಎಂದಾಗುತ್ತದೆ, ಅದು ನನಗೆ ಪುಸ್ತಕದಲ್ಲಿ ಸಿಕ್ಕಿದ್ದು ಮರುದಿನ. ಹೀಗೆ ಅಕ್ಷರವೇ ಬಾರದವನು ಪರೀಕ್ಷಕ, ತಾಲ್ಲೂಕಿಗೆಲ್ಲ ಅಕ್ಷರ ಬರೆದವನು ವಿದ್ಯಾರ್ಥಿ. ಬಸ್ ಸ್ಟ್ಯಾಂಡಿನ ಜನಕ್ಕೆ ಪುಕ್ಕಟೆ ಮಜಾ. "ಪೇಂಟರ್ ಜಪಾನಕ್ಕ ಹೊಂಟಾನ," ಎಂದು ಹಬ್ಬಿತು. ಒಬ್ಬರು ಬಂದು, ಯಾವಾಗ ಹೋಗುತ್ತೀರಿ ಎಂದು ಗಂಭೀರವಾಗಿಯೇ ವಿಚಾರಿಸಿದರು.

ಆರಿದ್ರಾ ಮಳೆ ಹಿಡಿದ ವಾರ ಆಳ, ಮೇಲುಮೇಲು ಎಂಬ ಎರಡು ಅಕ್ಷರ ಕಲಿತೆ. ಎರಡಕ್ಕೂ ಎಡಬದಿಯಲ್ಲಿ ಮೂರು ಚಿಕ್ಕ ಹನಿಗಳಿವೆ. ಆ ಹನಿ ಎಂದರೆ ನೀರು. ಮುಂದಿನ ಪುಟದಲ್ಲಿ ಎಣ್ಣೆ, 油, ಸಿಕ್ಕಿತು. ಅದಕ್ಕೂ ಮೂರು ಹನಿ.

"ಎಣ್ಣಿಗೂ ನೀರಿನ ಹನೀ ಏನ್ರಿ?" ಎಂದು ಫಕ್ಕೀರಪ್ಪ ಕೇಳಿದ.

"ಹರಿಯೂದೆಲ್ಲಾ ಅವರ ಲೆಕ್ಕದಾಗ ನೀರ ನೋಡು."

"ಶ್ಯಾಣ್ಯಾರದಾರ," ಎಂದು ನಕ್ಕು, ಉಳ್ಳಾಗಡ್ಡಿ ಚೀಲ ಹೊತ್ತುಕೊಂಡು ಹೋದ.

ಜುಲೈ ಹತ್ತಿರ ಬಂದಂತೆ ಒಂದು ದಿನ ಮಧ್ಯಾಹ್ನ ಸುಮ್ಮನೆ ಆ ಫೋಟೊ ನೋಡುತ್ತಿದ್ದೆ. ನೀಲಮ್ಮನ ಮೊಣಕೈ ಪಕ್ಕದ ಕಪ್ಪು ಚುಕ್ಕೆ ಇದ್ದಕ್ಕಿದ್ದಂತೆ 'ಸಸಿ' ಎಂದು ಓದಿಸಿಕೊಂಡಿತು. ನಾನು ಪ್ರಯತ್ನಪಟ್ಟಿರಲಿಲ್ಲ, ಅದೇ ಓದಿಸಿಕೊಂಡಿತು. ಅದರ ಪಕ್ಕದ್ದು 'ಹೆಚ್ಚು', ಆಚೆಯದು 'ಕಡಿಮೆ' ಇರಲೇಬೇಕು, ಇತ್ತು. ನನಗೆ ಬಹಳ ಖುಷಿಯಾಯಿತು. ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನ ಮೇಲೆ ಕೂತು ಮೊದಲ ಬಾರಿಗೆ ಒಂದು ಅಂಗಡಿಯ ಹೆಸರು ಓದಿದಾಗ ಆದಷ್ಟೇ ಖುಷಿ. ಅದು ಮತ್ತೆ ಬರುವಂಥದ್ದೆಂದು ನಾನು ಅಂದುಕೊಂಡಿರಲಿಲ್ಲ. ಹತ್ತೇ ದಿನದಲ್ಲಿ ಉಳಿದ ಮಸುಕುಗಳೆಲ್ಲ ಒಂದೊಂದಾಗಿ ಬಿಡಿಸಿಕೊಂಡವು.

ಕೊನೆಗೆ ಉಳಿದದ್ದು ಗಿಡ್ಡ ಲಿವರಿನ ಎರಡು ಬಾಗಿಲುಗಳು. ಪುಸ್ತಕದಲ್ಲಿ ಅವು ಅಕ್ಕಪಕ್ಕದಲ್ಲೇ ಇದ್ದವು: 開 ಎಂದರೆ ತೆರೆ, 閉 ಎಂದರೆ ಮುಚ್ಚು. ಎರಡಕ್ಕೂ ಹೊರಗೆ ಅದೇ ಜೋಡಿ ಕದ, ಒಳಗಿನ ಅಗಳಿ ಮಾತ್ರ ಬೇರೆ. ಫೋಟೊದಲ್ಲಿ ಬಲಗಡೆಯದು ಹಾರದ ಹಿಂದೆ ಮರೆಯಾಗಿತ್ತು. ಎಡಗಡೆಯದರ ಒಳಗೆ 'ಮುಚ್ಚು' ಎಂಬುದರ ಓರೆಗೆರೆ ಕಾಣುತ್ತಿತ್ತು, ತಿಪ್ಪೆಯಲ್ಲಿ ಸಿಕ್ಕ ತುಂಡಿನಲ್ಲೂ ಅದೇ ಗೆರೆ ಇತ್ತು. ಹಾಗಾಗಿ ಎಡಕ್ಕೆ ಮುಚ್ಚು, ಬಲಕ್ಕೆ ತೆರೆ. ಲಿವರಿನ ಮೇಲೆ ಎಣ್ಣೆ ಎಂದು ಬರೆದಿತ್ತು. ಇದರಲ್ಲಿ ನಾನು ತಪ್ಪಿರಲಿಲ್ಲ, ಈಗಲೂ ಹೇಳುತ್ತೇನೆ.

ಮೂರು ದಿನ ಕೂತು ಎಲ್ಲವನ್ನೂ ಬಿಳಿ ಬಣ್ಣದಲ್ಲಿ ಯಂತ್ರದ ಮೇಲೆ ಬರೆದೆ. ಒಂದೊಂದರ ಕೆಳಗೂ ಚಿಕ್ಕದಾಗಿ ಕನ್ನಡದಲ್ಲಿ ಅರ್ಥ. ಗಿಡ್ಡ ಲಿವರಿನ ಹತ್ತಿರ ಬಂದಾಗ ನನಗೊಂದು ಯೋಚನೆ ಬಂತು. ಬಾಗಿಲು ಮುಚ್ಚಿದರೆ ಕೈ ಸಿಕ್ಕಿಕೊಳ್ಳುತ್ತದೆ, ತೆರೆದಿದ್ದರೆ ಧಾರಾಳವಾಗಿ ಒಳಗೆ ಹಾಕಬಹುದು. ಇಷ್ಟು ಸರಳ ಸಂಗತಿ! ತೆರೆ ಎಂಬುದರ ಪಕ್ಕ ಕೆಂಪು ಬಾಣ ಬರೆದು, 'ಕೈ ಹಾಕುವಾಗ ಈ ಕಡೆ' ಎಂದು ಬರೆದೆ. ಆ ಇಡೀ ಯಂತ್ರದ ಮೇಲೆ ಅತಿ ಚಂದವಾಗಿ ಬಂದ ಸಾಲು ಅದೇ. ನೀಲಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟರು.

ಪುನರ್ವಸು ಮಳೆ ಎರಡು ದಿನ ಹೊಡೆದು ಬಿಡುವು ಕೊಟ್ಟ ಬೆಳಿಗ್ಗೆ ಯಂತ್ರ ಗದ್ದೆಗೆ ಇಳಿಯಿತು. ನನ್ನನ್ನೂ ಕರೆದಿದ್ದರು. ಕಾಯಿ ಒಡೆದಾಯಿತು. ಫಕ್ಕೀರಪ್ಪ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ತನ್ನಷ್ಟಕ್ಕೆ ಏನೋ ಹೇಳಿಕೊಂಡು, ಲಿವರ್ ಎಳೆದ. ಯಂತ್ರ ಹೊರಟಿತು. ಹಿಂದೆ ಹಸಿರು ಸಾಲುಗಳು ನೆಟ್ಟಗೆ ಮೂಡಿದವು. ಒಡ್ಡಿನ ಮೇಲೆ ನಿಂತು ನಾನು ಎದೆಯುಬ್ಬಿಸಿಕೊಂಡಿದ್ದೆ. ಮೂರನೆಯ ಸುತ್ತಿನಲ್ಲಿ, ಒಡ್ಡಿನ ಹತ್ತಿರವೇ, ಉಗುರುಗಳಿಗೆ ಕರಿಕೆ ಹುಲ್ಲಿನ ಬೇರು ಸಿಕ್ಕಿ ಯಂತ್ರ ನಿಂತಿತು.

ಫಕ್ಕೀರಪ್ಪ ಹಿಂಭಾಗ ಎತ್ತಿ, ಎಂಜಿನ್ ಬಂದ್ ಮಾಡಿ ಇಳಿದ. ಗಿಡ್ಡ ಲಿವರನ್ನು ನನ್ನ ಕೆಂಪು ಬಾಣದ ಕಡೆಗೆ ತಿರುಗಿಸಿದ. ಅಂಗಿಯ ತೋಳು ಮಡಚಿ ಕುಕ್ಕರುಗಾಲಿನಲ್ಲಿ ಕೂತು ಕೈ ಮುಂದೆ ಮಾಡಿದವನು ಅಲ್ಲೇ ತಡೆದ.

"ಕಾಕಾ, ಇದರಾಗ ತೆರೀತೈತಿ ಅಂದ್ರ ಏನ್ ತೆರೀತೈತ್ರಿ?"

"ಬಾಗಲಾ."

"ಯಾದರ ಬಾಗಲಾ?"

ನಾನು ಅದನ್ನು ಯೋಚಿಸಿರಲಿಲ್ಲ. "ಎಣ್ಣೀದು ಇರಬೇಕು. ಮ್ಯಾಲ ಎಣ್ಣಿ ಅಂತ ಬರದೈತಿ," ಎಂದೆ.

ಅವನು ಕೈ ಹಿಂದೆ ತೆಗೆದುಕೊಂಡು ಕೆರೆಯ ಕಡೆ ನೋಡಿದ. "ಎಣ್ಣಿಗೂ ಮೂರ ಹನಿ ನೀರು ಅಂದಿದ್ರಿ ನೀವು. ಕೆರ್ಯಾಗ ನೀರ ನಿಲ್ಲಬೇಕಂದ್ರ ತೂಬು ಮುಚ್ಚತೇವ್ರಿ. ತೆರದ್ರ ಹರದ ಹೋಕ್ಕೈತಿ. ಎಣ್ಣಿ ಹರದ ಹೋದ್ರ ಇದು ಮ್ಯಾಲ ಹೆಂಗ ನಿಂದ್ರತೈತಿ?"

ಅವನು ಒಡ್ಡಿನ ಮೇಲಿದ್ದ ಗುದ್ದಲಿ ತಂದು, ತಾನು ಕೈ ಹಾಕಬೇಕಿದ್ದ ಜಾಗದಲ್ಲಿ ಅದರ ಹಿಡಿಯುವ ಮರದ ಕಾವು ಇಟ್ಟ. ಎದ್ದು ನಿಂತು, ಯಂತ್ರದಿಂದ ಇಳಿಯುವಾಗ ಯಾರಿಗಾದರೂ ತಗಲಬಹುದಾದಂತೆ, ಎತ್ತುವ ಲಿವರಿಗೆ ಮೊಣಕೈ ತಾಗಿಸಿದ. ಹಿಂಭಾಗ ಒಮ್ಮೆಲೇ ಕೆಳಗೆ ಬಂತು. ಗುದ್ದಲಿಯ ಕಾವು ಲಟಕ್ಕನೆ ಮುರಿಯಿತು. ಮತ್ತೆ ಎತ್ತಿ, ಈ ಸಲ ಲಿವರನ್ನು 'ಮುಚ್ಚು' ಕಡೆಗೆ ತಿರುಗಿಸಿ, ಮುರಿದ ತುಂಡನ್ನೇ ಕೆಳಗಿಟ್ಟು ಮೊಣಕೈ ತಾಗಿಸಿದ. ಅದು ಅಲುಗಲಿಲ್ಲ. ಎರಡು ಸಲ, ಮೂರು ಸಲ ನೋಡಿದ. ಆಮೇಲೆ ಕೆಳಗೆ ಕೈ ಹಾಕಿ ಬೇರು ಬಿಡಿಸಿದ.

ನೀಲಮ್ಮ ಮುರಿದ ಕಾವು ನೋಡಿದರು, ನನ್ನನ್ನು ನೋಡಿದರು. "ಕಾವು ಹೋತು. ಇರ್ಲಿ," ಎಂದರು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮೂವತ್ತು ವರ್ಷ ನಾನು ಬರೆದದ್ದನ್ನು ಓದಿದವರು ನಂಬಿದ್ದಾರೆ. ಬಸ್ಸಿನ ಮೇಲೆ ಊರ ಹೆಸರು ಬರೆದರೆ ಹತ್ತಿದ್ದಾರೆ, ಗೋಡೆಯ ಮೇಲೆ ಬಾಣ ಬರೆದರೆ ತಿರುಗಿದ್ದಾರೆ. ಏನು, ಯಾಕೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಈ ಮನುಷ್ಯ ಆವತ್ತು ಕೇಳದಿದ್ದರೆ? ಬ್ರಷ್ಷಿನ ಡಬ್ಬಿ ಜೊತೆಗಿತ್ತು, ಒರೆಸುವ ಬಟ್ಟೆ ಇರಲಿಲ್ಲ. ಕೆಸರಿಗಿಳಿದು, ಅಂಗಿಯ ತುದಿಗೆ ಟರ್ಪೆಂಟೈನ್ ಸುರಿದುಕೊಂಡು ಆ ಕೆಂಪು ಸಾಲನ್ನು ಉಜ್ಜಿ ಅಳಿಸಿದೆ. ಬಣ್ಣ ಒಣಗಿ ಗಟ್ಟಿಯಾಗಿತ್ತು, ಬೇಗ ಹೋಗಲಿಲ್ಲ. ನನ್ನ ಕೆಲಸ ಯಾವಾಗಲೂ ಗಟ್ಟಿ.

ಸಂಜೆಯ ಹೊತ್ತಿಗೆ 'ಮುಚ್ಚು' ಎಂಬುದರ ಪಕ್ಕ ಒಂದು ತೂಬು, ಅದರ ಹಿಂದೆ ಮೂರು ಹನಿ ಬಿಡಿಸಿದೆ. ಎಲ್ಲಿ, ಹೇಗೆ ಎಂದು ಫಕ್ಕೀರಪ್ಪ ನಿಂತು ಹೇಳಿದ. ಮುಂದೆ ನಾಟಿ ಐದು ದಿನ ನಡೆಯಿತು, ಯಂತ್ರ ಎಲ್ಲೂ ಕೈಕೊಡಲಿಲ್ಲ. ಆ ಪುಸ್ತಕವನ್ನು ನಾನು ಬಿಡಲಿಲ್ಲ. ಈಗ ಇನ್ನೂರು ಮುನ್ನೂರು ಅಕ್ಷರ ಓದುತ್ತೇನೆ. ಕಲಘಟಗಿಯಲ್ಲಿ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಹೊಸ ಅಕ್ಷರ ಕಲಿತಾಗ ಮಾತ್ರ, ಅರ್ಥ ಓದಿ ಮುಗಿಸಿದ ಮೇಲೆ, ಇದು ಯಾವುದರದು ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ.

ಮೊನ್ನೆ ಶೆಡ್ಡಿನಲ್ಲಿ ಅಕ್ಷರಗಳನ್ನು ಒರೆಸುವಾಗ ಬಲಗಡೆಯ ನೀಲಿಯ ಮೇಲೆ ಆ ಕೆಂಪಿನ ನೆರಳು ಇನ್ನೂ ಕಂಡಿತು. ಅಷ್ಟರಲ್ಲಿ ಫಕ್ಕೀರಪ್ಪ ಚಹಾ ತಂದ. ಅವನನ್ನು ಎಲ್ಲೇ ಕಂಡರೂ ನನ್ನ ಕಣ್ಣು ಮೊದಲು ಅವನ ಕೈಗೆ ಹೋಗುತ್ತದೆ, ಆಮೇಲೆ ಮುಖಕ್ಕೆ. ನಾನು ಇದನ್ನು ಯಾರಿಗೂ ಹೇಳಿಲ್ಲ. ಅವನು ಗ್ಲಾಸನ್ನು ಯಂತ್ರದ ಮೇಲಿಟ್ಟು, ಎರಡೂ ಅಂಗೈ ನನ್ನ ಮುಂದೆ ಹಿಡಿದ.

"ಎಣಿಸಿಕೋರಿ ಕಾಕಾ, ಹತ್ತೂ ಅದಾವ."

ನಾನು ಎಣಿಸಿದೆ. ಆಮೇಲೆ ಬ್ರಷ್ಷು ತೆಗೆದುಕೊಂಡೆ.